ಮುಕ್ತಾರ ಓಣಿಯ ಕರೆಂಟು ತೆಗೆಸಲು ಹೊರಟಿದ್ದು

ಇಂಡಿ ಊರಿನ ಮುಕ್ತಾರನಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲ ಒಳ್ಳೆಯ ಗುಣಗಳೂ ಇದ್ದವು. ಇಲ್ಲದ ಆ ಒಂದು ಗುಣವೆಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ತಿಳುವಳಿಕೆ. ಸ್ನಾನ ಮುಗಿಸಿ, ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತ ಮೇಲೆ ಅವನಿಗೆ ತಲೆಗೆ ಎಣ್ಣೆ ತಿಕ್ಕಿಕೊಳ್ಳುವುದಿತ್ತು ಎಂದು ನೆನಪಾಗುತ್ತಿತ್ತು. ಬಸ್ಸು ಹತ್ತಿ, ಕಿಟಕಿಯ ಸೀಟು ಹಿಡಿದು, ಊರು ದಾಟಿದ ಮೇಲೆ ಇದು ಎಲ್ಲಿಗೆ ಹೋಗುವ ಬಸ್ಸೆಂದು ಪಕ್ಕದವರನ್ನು ಕೇಳುತ್ತಿದ್ದ. ಸಿಂದಗಿಗೆ ಮದುವೆಗೆಂದು ಹೊರಟವನು ಹೊರ್ತಿಯಲ್ಲಿ ಇಳಿದು, ಅಲ್ಲಿ ಯಾರದೋ ಮದುವೆಯಲ್ಲಿ ಉಂಡು, ವಧೂವರರಿಗೆ ಒಳ್ಳೆಯದಾಗಲೆಂದು ಹರಸಿ ಬಂದದ್ದೂ ಉಂಟು. ತನ್ನ ಸ್ವಂತ ನಿಕಾಹದಲ್ಲಂತೂ ಖಾಜಿಯವರು ಬಾಯಿ ತೆರೆಯುವ ಮೊದಲೇ ‘ಕಬೂಲ್’, ಒಪ್ಪಿದೆ ಎಂದುಬಿಟ್ಟಿದ್ದ. ಹುಡುಗಿಯ ಹೆಸರಾದರೂ ಹೇಳಲು ಬಿಡಪ್ಪ ಎಂದು ಖಾಜಿಯವರು ಬೇಡಿಕೊಳ್ಳಬೇಕಾಯಿತು.

ಇಂಥವನಿಗೆ ಸಿಕ್ಕ ಕೆಲಸವಾದರೂ ಎಂಥದ್ದು! ಅದು ಆರಂಭದಿಂದ ಕೊನೆಯವರೆಗೆ ಮೊದಲು-ಆಮೇಲೆಯದೇ ಕೆಲಸ. ಪುಣೆಯ ಒಂದು ಸಣ್ಣ ಕಂಪನಿಗಾಗಿ ಅವನು ಮನೆಯಲ್ಲೇ ಕೂತು ಡ್ರೈವರ್ ಬರೆಯುತ್ತಿದ್ದ. ಯಂತ್ರದೊಳಗಿನ ಚಿಪ್‌ಗೆ ಈಗ ಏಳು, ಈಗ ಕಣ್ಣು ಬಿಡು, ಈಗ ಮಾತಾಡು ಎಂದು ಹೇಳಿಕೊಡುವ ಪ್ರೋಗ್ರಾಮಿಗೆ ಹಾಗನ್ನುತ್ತಾರೆ. ಆ ಕಂಪನಿ ಇಂಡಿಯ ನಿಂಬೆ ಪೇಟೆಗೆ ದರದ ಬೋರ್ಡುಗಳನ್ನು ಹಾಕಿಕೊಟ್ಟಿತ್ತು. ಹರಾಜಿನ ದರ ಒಳಗಿನ ಕೋಣೆಯಿಂದ ಕೇಬಲ್ಲಿನಲ್ಲಿ ಬಂದು, ಪ್ರತಿ ಬೋರ್ಡಿನ ಬೆನ್ನಿಗಿದ್ದ ಪುಟ್ಟ ಡಬ್ಬಿಯೊಂದನ್ನು ಹೊಕ್ಕು, ಹೊರಗೆ ಕೆಂಪು ಅಂಕಿಗಳಾಗಿ ಹೊಳೆಯಬೇಕು. ಆ ಡಬ್ಬಿಯಲ್ಲಿ ಕೇಬಲ್ಲು ಸಿಕ್ಕಿಸುವ ಕಡೆ ಒಂದು ಚಿಪ್ ಇತ್ತು. ಅದನ್ನು ಎಬ್ಬಿಸುವ ಈಥರ್ನೆಟ್ ಡ್ರೈವರ್ ಮಾತ್ರ ಮುಕ್ತಾರನದು. ಬೋರ್ಡು, ಅಂಕಿ, ನಿಂಬೆಕಾಯಿ ಎಲ್ಲ ಬೇರೆಯವರವು.

ಈ ‘ಮಾತ್ರ’ ಎಂಬ ಪದವನ್ನು ಅವನು ಬಸವನ ಬಾಗೇವಾಡಿಯ ಒಂದು ಮದುವೆಯಲ್ಲಿ ಬಿರಿಯಾನಿಯ ಜೊತೆ ನುಂಗಿಬಿಟ್ಟದ್ದೇ ಇಷ್ಟೆಲ್ಲ ಅನಾಹುತಕ್ಕೆ ಕಾರಣ. ಊಟಕ್ಕೆ ಅವನ ಪಕ್ಕದಲ್ಲಿ ಕೂತವರು ಅವನ ಮಾವ, ಹೆಂಡತಿ ಆಯೇಶಾಳ ತಂದೆ, ಕೊಲ್ಹಾರದ ಬಾಬುಲಾಲ. ಕೃಷ್ಣೆಯ ಹಿನ್ನೀರಿನ ಮೀನನ್ನು ಸುತ್ತಲ ತಾಲೂಕುಗಳಿಗೆಲ್ಲ ಕಳಿಸುವ ದೊಡ್ಡ ವ್ಯಾಪಾರಿ. ಬೆಳಿಗ್ಗೆ ಮನೆಯಿಂದ ಹೊರಬಿದ್ದು ಸಂಜೆ ಬೆವರಿನಲ್ಲಿ ತೊಯ್ದು ಬರುವುದಕ್ಕೆ ಕೆಲಸವೆನ್ನುತ್ತಾರೆ, ಲುಂಗಿ ಉಟ್ಟು ಪಡಸಾಲೆಯಲ್ಲಿ ಕೂತು ಗುಂಡಿ ಒತ್ತುವುದಕ್ಕೆ ಬೇರೆ ಏನೋ ಹೆಸರಿರಬೇಕು ಎಂಬುದು ಅವರ ಗಟ್ಟಿ ಅಭಿಪ್ರಾಯ. ಅಳಿಯನಿಗೆ ನೌಕರಿಯೇ ಇಲ್ಲ, ಮಗಳು ಮರ್ಯಾದೆಗಂಜಿ ಮುಚ್ಚಿಟ್ಟಿದ್ದಾಳೆ ಎಂದು ಅವರು ನಂಬಿ ವರ್ಷಗಳೇ ಆಗಿದ್ದವು. ಆ ದಿನ ಎಲ್ಲರೆದುರು, ಈಗ ಏನು ನಡೆಸಿದ್ದೀರಿ ಎಂದು ಸುಮ್ಮನೆ ಕೇಳಿದರು. ಮುಕ್ತಾರ ಎಲುಬು ಚೀಪುತ್ತ ಉತ್ತರ ಕೊಟ್ಟ.

“ಇಂಡಿ ನಿಂಬಿ ಪ್ಯಾಟಿ ನನ್ನ ಕೈ ಮ್ಯಾಲ ನಡಿತೈತ್ರಿ ಮಾವಾರ. ನಾ ಇಲ್ಲಂದ್ರ ಅಲ್ಲಿ ಒಂದು ಕಾಯಿ ಮಾರಂಗಿಲ್ಲ.”

ಬಾಬುಲಾಲ ಮಾತು ಬೆಳೆಸುವವರಲ್ಲ, ನೋಡಿ ತೀರ್ಮಾನಿಸುವವರು. ಮುಂದಿನ ಹರಾಜಿನ ದಿನವೇ ಇಂಡಿಗೆ ಬಂದಿಳಿದು, ನಡೀರಿ ನಿಮ್ಮ ಪ್ಯಾಟಿ ತೋರಿಸ್ರಿ ಎಂದರು. ಪೇಟೆ ತುಂಬಿತ್ತು. ನಿಂಬೆಯ ರಾಶಿಗಳ ನಡುವೆ ದೊಡ್ಡ ದಲಾಲಿ ಸಂಗಣ್ಣ ಟೊಪ್ಪಿಗೆ ಓರೆ ಮಾಡಿಕೊಂಡು ಕೂಗುತ್ತಿದ್ದ, ಬೋರ್ಡುಗಳಲ್ಲಿ ಅಂಕಿಗಳು ಕುಣಿಯುತ್ತಿದ್ದವು. ಮುಕ್ತಾರ ಕೈ ಚಾಚಿ, ನೋಡ್ರಿ ಎಂದ. ಅಷ್ಟೇ ತಡ, ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ತೆವಳುತ್ತ ಬಂತು. ಬಲ್ಬುಗಳು ಮೊದಲು ಕೆಂಪಗಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಒಲ್ಲದ ಮನಸ್ಸಿನಿಂದ ಬೆಳಗಿದವು. ಬೋರ್ಡುಗಳು ಮಾತ್ರ ಕಪ್ಪಗೇ ಉಳಿದವು. ಸಂಗಣ್ಣ ಬೋರ್ಡು ನೋಡಿದ, ಮುಕ್ತಾರನನ್ನು ನೋಡಿದ, ಮತ್ತೆ ಗಂಟಲು ಹರಿಯುವಂತೆ ಹಳೆಯ ರೀತಿಯಲ್ಲೇ ಕೂಗತೊಡಗಿದ. ಮುಕ್ತಾರನಿಲ್ಲದೆಯೇ ನಿಂಬೆಕಾಯಿ ಚೆನ್ನಾಗಿ ಮಾರಾಟವಾದವು. ಬಾಬುಲಾಲ ಒಂದು ಕಾಯಿ ಎತ್ತಿ ಮೂಸಿ, ಕಾಯಿ ಚಲೋ ಅದಾವ ಎಂದಷ್ಟೇ ಹೇಳಿದರು.

ತೀರ್ಪು ಮನೆಗೆ ಬಂದ ಮೇಲೆ ಹೊರಬಿತ್ತು.

“ಹಬ್ಬದ ಮುಂದಿನ ದೊಡ್ಡ ಹರಾಜಿಗೆ ನಾ ಮತ್ತ ಬರ್ತೇನಿ. ಕರೆಂಟ್ ಹೋಗಿ ಬಂದ ಮ್ಯಾಲ ಆ ಬೋರ್ಡು ಕಣ್ಣು ಬಿಟ್ರ ನೀವು ಗೆದ್ರಿ. ಬಿಡಲಿಲ್ಲಂದ್ರ ಗಂಟುಮೂಟಿ ಕಟ್ರಿ. ಕೊಲ್ಹಾರದಾಗ ತಕ್ಕಡಿ ಹಿಡಿಯಾಕ ನನಗೊಬ್ಬ ಮನಶ್ಯಾ ಬೇಕಾಗ್ಯಾನ.”

ಮುಕ್ತಾರನಿಗೆ ಮೀನಿನ ವಾಸನೆ ಆಗಿಬರುತ್ತಿರಲಿಲ್ಲ. ಮಾವನ ಮನೆಗೆ ಹೋದಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಧೂಳು ಧೂಳು ಎಂದು ನೆಪ ಹೇಳುತ್ತ ಕೂಡುತ್ತಿದ್ದ. ಜೀವನಪೂರ್ತಿ ಆ ತಕ್ಕಡಿಯ ಹಿಂದೆ ನಿಲ್ಲುವುದನ್ನು ನೆನೆದರೆ ಅವನಿಗೆ ನಿಂತಲ್ಲೇ ತಲೆ ತಿರುಗುತ್ತಿತ್ತು. ಆಯೇಶಾಳಿಗೂ ಅದು ಬೇಡವಾಗಿತ್ತು. ಹುಟ್ಟಿದಾಗಿನಿಂದ ಮೀನಿನ ಬುಟ್ಟಿಗಳ ನಡುವೆ ಬೆಳೆದವಳು ಅವಳು. ಇಂಡಿಯ ಈ ಮನೆಗೆ ಬಂದು, ನಿಂಬೆಯ ವಾಸನೆಯ ಗಾಳಿಯಲ್ಲಿ ಉಸಿರು ಬಿಟ್ಟು, ಇನ್ನು ತಾನು ಗೆದ್ದೆ ಅಂದುಕೊಂಡಿದ್ದವಳು. ಡಬ್ಬಿಯನ್ನು ಹೇಗಾದರೂ ಮಾಡಿ ಸರಿ ಮಾಡಿ ಎಂದು ಗಂಡನಿಗೆ ಕಟ್ಟುನಿಟ್ಟಾಗಿ ಹೇಳಿದಳು.

ಮುಕ್ತಾರ ಪೇಟೆಯಿಂದ ಒಂದು ಡಬ್ಬಿಯನ್ನು ಬಿಚ್ಚಿ ಮನೆಗೆ ತಂದ. ಸ್ವಿಚ್ ಆರಿಸಿದ, ಹಾಕಿದ. ಡಬ್ಬಿ ಜಾಣ ಹುಡುಗನಂತೆ ಎದ್ದು ಹಸಿರು ದೀಪ ತೋರಿಸಿತು. ಮತ್ತೆ ಆರಿಸಿದ, ಮತ್ತೆ ಹಾಕಿದ. ಮತ್ತೆ ಹಸಿರು. ಬೆರಳು ನೋಯುವವರೆಗೆ ಇದೇ ಆಯಿತು. ಮನೆಯಲ್ಲಿ ಕಾಯಿಲೆಯೇ ಇಲ್ಲ, ಪೇಟೆಯಲ್ಲಿ ಆರೋಗ್ಯವೇ ಇಲ್ಲ. ಪೇಟೆಗೆ ಹೋಗಿ ನೋಡೋಣವೆಂದರೆ ಹರಾಜಿನ ಹೊತ್ತಿಗೆ ಸಂಗಣ್ಣ ಅವನನ್ನು ಬೋರ್ಡಿನ ನೆರಳಿಗೂ ಬಿಡುತ್ತಿರಲಿಲ್ಲ. ಹರಾಜಿಲ್ಲದ ಹೊತ್ತಿನಲ್ಲಿ ಅಲ್ಲಿನ ಕರೆಂಟೂ ಗಟ್ಟಿಯಾಗಿಯೇ ಇರುತ್ತಿತ್ತು. ಕೂತು ಕೂತು ಯೋಚಿಸಿ ಕೊನೆಗೆ ಅವನಿಗೆ ಹೊಳೆಯಿತು. ಡಬ್ಬಿಗೆ ಕಾಯಿಲೆ ಬರುವುದು ಕೆಟ್ಟ ಕರೆಂಟಿನಿಂದ. ಅಂದರೆ ತನಗೀಗ ಬೇಕಾದದ್ದು ಕುಂಟುತ್ತ ಹೋಗಿ, ತೆವಳುತ್ತ ಬರುವ ಹಳೆಯ ಕರೆಂಟು.

ಆ ಕರೆಂಟು ಅವನ ಓಣಿಯಲ್ಲಿ ತಲೆತಲಾಂತರದಿಂದ ಧಾರಾಳವಾಗಿತ್ತು. ಎದುರುಮನೆಯ ಗುಂಡವ್ವ ತನ್ನ ಹಿಟ್ಟಿನ ಗಿರಣಿ ಚಾಲೂ ಮಾಡಿದರೆ ಓಣಿಯ ಬಲ್ಬುಗಳಲ್ಲಿ ತಂತಿ ಮಾತ್ರ ಕಾಣುತ್ತಿತ್ತು. ಆದರೆ ಮುಕ್ತಾರನ ಹಣೆಬರಹ ನೋಡಿ, ಅದೇ ವಾರ ಓಣಿಗೆ ಹೊಸ ಟಿ.ಸಿ. ಬಂದಿತ್ತು. ಕಂಬದ ಮೇಲೆ ಕೂರುವ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿ.ಸಿ. ಎನ್ನುತ್ತಾರೆ. ಇನ್ನೂ ದೊಡ್ಡ ಹಣೆಬರಹವೆಂದರೆ ಅದನ್ನು ತರಿಸಿದವನು ಸ್ವತಃ ಮುಕ್ತಾರ. ಓದಿದವನೆಂದು ಓಣಿಯವರು ಅವನನ್ನು ಮುಂದೆ ಮಾಡಿಕೊಂಡು ವಿದ್ಯುತ್ ಕಚೇರಿಗೆ ಹೋಗಿದ್ದರು. ಅವನು ಸಾಹೇಬರ ಕೋಣೆಗೆ ನುಗ್ಗಿ ಮೊದಲು ಟಿ.ಸಿ. ಕೊಟ್ಟಿದ್ದಕ್ಕೆ ಕೈಮುಗಿದು ಉಪಕಾರ ಹೇಳಿ, ಆಮೇಲೆ ಟಿ.ಸಿ. ಬೇಕಾಗಿದೆ ಎಂದು ಕೇಳಿದ್ದ. ಕೊಡದ ವಸ್ತುವಿಗೆ ಇಷ್ಟು ಉಪಕಾರ ಕೇಳಿ ಆ ಸಾಹೇಬರಿಗೆ ಎಷ್ಟು ನಾಚಿಕೆಯಾಯಿತೆಂದರೆ ಕೊಟ್ಟೇಬಿಟ್ಟರು. ಓಣಿ ಅವನಿಗೆ ಶಾಲು ಹೊದಿಸಿತು. ಹಾರ ಹಾಕಿದವಳು ಗುಂಡವ್ವ.

ಹೀಗಾಗಿ ಓಣಿಯಲ್ಲಿ ಈಗ ಹಬ್ಬ. ಫ್ಯಾನುಗಳು ಗರಗರ ತಿರುಗುತ್ತಿದ್ದವು, ಗಿರಣಿ ಹಾಡುತ್ತಿತ್ತು, ಗುಂಡವ್ವ ಮೆಣಸಿನಕಾಯಿ ಕುಟ್ಟಲು ಎರಡನೆಯ ಮೋಟರೂ ತಂದಿದ್ದಳು. ಅಷ್ಟೂ ಜನರ ನಡುವೆ ಮುಖ ಜೋಲು ಹಾಕಿಕೊಂಡವನು ಒಬ್ಬನೇ. ಬಾಗಿಲಲ್ಲಿ ನಿಂತು ಕಂಬವನ್ನು ನೋಡುತ್ತ ನಿಟ್ಟುಸಿರು ಬಿಡುತ್ತಿದ್ದ. ಚಹಾದ ಅಂಗಡಿಯಲ್ಲಿ ಒಮ್ಮೆ ಎಲ್ಲರಿಗೂ ಕೇಳುವಂತೆ, “ಈ ಸುಡುಗಾಡ ಕರೆಂಟ್ ಹೋಗವಲ್ದಲ್ಲ” ಎಂದುಬಿಟ್ಟ. ಕೇಳಿದವರು ತಮ್ಮ ಕಿವಿಯದೇ ತಪ್ಪೆಂದುಕೊಂಡು ಚಹಾ ಮುಗಿಸಿದರು.

ತಾನಾಗಿ ಹೋಗದಿದ್ದ ಮೇಲೆ ತೆಗೆಸುವುದೇ ದಾರಿ. ಮುಕ್ತಾರ ಲೈನ್‌ಮನ್ ಸೋಮನಿಂಗನನ್ನು ಕಂಬದ ಬುಡದಲ್ಲಿ ಹಿಡಿದ. ಸೋಮನಿಂಗ ತನ್ನ ನೌಕರಿಯಲ್ಲಿ ಕಾಣದ್ದಿಲ್ಲ. ಕರೆಂಟು ಕೊಡು ಎಂದು ಜನ ಅವನನ್ನು ಬೈದಿದ್ದರು, ಕಾಲು ಹಿಡಿದಿದ್ದರು, ಒಮ್ಮೆ ದೇವಣಗಾಂವದಲ್ಲಿ ಏಣಿ ಕಸಿದುಕೊಂಡು ಕಂಬದ ಮೇಲೆಯೇ ಕೂರಿಸಿದ್ದರು. ತೆಗೆ ಎಂದು ಕೈಮುಗಿದವರನ್ನು ಅವನು ಕಂಡದ್ದು ಇದೇ ಮೊದಲು.

“ಒಂದೀಟು ತಗೀರಿ ಸೋಮನಿಂಗಣ್ಣ. ಹಂಗ ಕೊಡುವಾಗ ಪೂರಾ ಕೊಡಬ್ಯಾಡ್ರಿ, ಕುಂಟುಸಿ ಕುಂಟುಸಿ ಕೊಡ್ರಿ.”

ಸೋಮನಿಂಗ ಏಣಿ ಹೆಗಲಿಗೇರಿಸಿಕೊಂಡು ಹೋದ. ಆದರೆ ಅವನ ತಲೆ ಸುಮ್ಮನಿರಲಿಲ್ಲ. ಒಬ್ಬ ಮನುಷ್ಯ ಓಣಿಯ ಕರೆಂಟು ಯಾಕೆ ತೆಗೆಸುತ್ತಾನೆ? ಓಣಿಯಲ್ಲಿ ಕರೆಂಟಿನಿಂದ ಹೊಟ್ಟೆ ಹೊರೆಯುವವರು ಯಾರು? ಗುಂಡವ್ವ. ಅಲ್ಲಿಗೆ ಲೆಕ್ಕ ಸರಿಹೋಯಿತು. ಅವಳು ಎರಡನೆಯ ಮೋಟರು ತಂದದ್ದು ಮುಕ್ತಾರನ ಕಣ್ಣಿಗೆ ಚುಚ್ಚಿದೆ, ಅವಳ ಗಿರಣಿ ಮುಳುಗಿಸಲು ಹೊಂಚು ಹಾಕಿದ್ದಾನೆ. ಸೋಮನಿಂಗ ಇದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ಗುಂಡವ್ವನಿಗೊಬ್ಬಳಿಗೆ ಮಾತ್ರ ಹೇಳಿದ.

ಗುಂಡವ್ವ ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡೇ ಮುಕ್ತಾರನ ಬಾಗಿಲಿಗೆ ಬಂದಳು. ಹಿಂದೆ ಓಣಿಗೆ ಓಣಿಯೇ ಬಂತು. ತಾನು ಹಾರ ಹಾಕಿದ ಕೈಯಿದು, ಈ ಕೈ ಕೇಳುತ್ತಿದೆ, ಓಣಿಯ ಕರೆಂಟು ತೆಗೆಸಲು ನಿನಗೇನು ಬೇನೆ ಬಂದಿದೆ ಎಂದು ಆ ಕೈಯನ್ನು ಅವನ ಮೂಗಿನ ಮುಂದೆ ಆಡಿಸಿದಳು. ಮುಕ್ತಾರ ಮೊದಲು ಡಬ್ಬಿಯ ಕಥೆ ಹೇಳಿ, ಪೇಟೆಯ ಕಥೆ ಹೇಳಿ, ಮಾವನ ಕಥೆ ಹೇಳಿ ಕೊನೆಗೆ ಕರೆಂಟಿಗೆ ಬಂದಿದ್ದರೆ ಎಲ್ಲವೂ ತಿಳಿಯಾಗುತ್ತಿತ್ತು. ಆದರೆ ಅವನು ಮುಕ್ತಾರ. ಕೊನೆಯದನ್ನು ಮೊದಲು ಹೇಳಿದ.

“ನನಗ ಚಲೋ ಕರೆಂಟ್ ಬ್ಯಾಡ್ರಿ ಅಕ್ಕಾರ. ಕೆಟ್ಟ ಕರೆಂಟ್ ಬೇಕಾಗೈತಿ.”

ಮುಂದಿನದನ್ನು ಹೇಳಲು ಯಾರೂ ಅವನಿಗೆ ಅವಕಾಶ ಕೊಡಲಿಲ್ಲ. ಇವನಿಗೆ ತಕ್ಕ ಶಾಸ್ತಿ ಮಾಡಬೇಕೆಂದು ಅಲ್ಲೇ ನಿಂತು ತೀರ್ಮಾನವಾಯಿತು. ಓಣಿಯ ಬಾಯಲ್ಲಿ ಹಳೆಯ ಟಿ.ಸಿ. ಇನ್ನೂ ಇತ್ತು, ನೀರಿನ ಪಂಪ್ ಒಂದನ್ನೇ ಹೊತ್ತುಕೊಂಡು ಕೆಮ್ಮುತ್ತಿತ್ತು. ಮುಕ್ತಾರನ ಮನೆಯೊಂದನ್ನು ಅದಕ್ಕೇ ಕಟ್ಟಿಬಿಡಿ, ಉಂಡುಕೊಳ್ಳಲಿ ಕೆಟ್ಟ ಕರೆಂಟನ್ನು ಎಂದರು ಹಿರಿಯರು. ಸೋಮನಿಂಗ ಭಾರವಾದ ಮನಸ್ಸಿನಿಂದ ಕಂಬವೇರಿ ತಂತಿ ಬದಲಿಸಿದ. ಅವನ ಎಣಿಕೆಯಲ್ಲಿ ಇದಕ್ಕಿಂತ ಕಠಿಣ ಶಿಕ್ಷೆ ಇರಲಿಲ್ಲ.

ಅವನು ಕೆಳಗಿಳಿದು ನೋಡುತ್ತಾನೆ, ಮುಕ್ತಾರನ ಕಣ್ಣಲ್ಲಿ ಆನಂದದ ನೀರು. ಒಳಗೋಡಿ ತನಗೆ ಹೊದಿಸಿದ್ದ ಅದೇ ಶಾಲನ್ನು ತಂದು ಸೋಮನಿಂಗನಿಗೆ ಹೊದಿಸಿದ, ಓಣಿಗೆಲ್ಲ ಚಹಾ ಮಾಡು ಎಂದು ಆಯೇಶಾಳಿಗೆ ಕೂಗಿದ. ಗುಂಡವ್ವ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, ಸಿಟ್ಟು ಇಳಿದು ಕನಿಕರಕ್ಕೆ ತಿರುಗಿದ ದನಿಯಲ್ಲಿ, “ಪಾಪ, ಅಂವಗ ತಲಿ ಕೆಟ್ಟೈತಿ” ಎಂದಳು. ಓಣಿಗೆ ಅದು ಸರಿಯೆನಿಸಿತು.

ಮನೆಯಲ್ಲಿ ಆಯೇಶಾಳ ಪಾಡು ಬೇರೆ. ಮಿಕ್ಸರ್ ಚಟ್ನಿ ರುಬ್ಬುವ ಬದಲು ಮುಲುಗತೊಡಗಿತು. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಗುರುತಿಸಬಹುದಾಗಿತ್ತು. ಆದರೂ ಅವಳು ಹಲ್ಲು ಕಚ್ಚಿ ತಡೆದುಕೊಂಡಳು, ಏಕೆಂದರೆ ಡಬ್ಬಿ ಈಗ ಪೇಟೆಯಲ್ಲಿದ್ದ ಹಾಗೆಯೇ ಮನೆಯಲ್ಲೂ ಕೆಡತೊಡಗಿತ್ತು. ಪಂಪ್ ಚಾಲೂ ಆದಾಗೊಮ್ಮೆ ಕರೆಂಟು ಕುಗ್ಗಿ ಹೋಗುತ್ತಿತ್ತು, ತೆವಳಿ ಬರುತ್ತಿತ್ತು, ಡಬ್ಬಿಯ ಹಸಿರು ದೀಪ ಹತ್ತುತ್ತಲೇ ಇರಲಿಲ್ಲ. ಕೆಟ್ಟಿತು, ಕೆಟ್ಟಿತು ಎಂದು ಮುಕ್ತಾರ ಕುಣಿದಾಡಿದ. ಯಾಕೆ ಕೆಟ್ಟಿತು ಎಂಬುದು ಮಾತ್ರ ತಿಳಿಯಲಿಲ್ಲ. ಚಿಪ್ ಸರಿಯಾಗಿ ಎಚ್ಚರವಾಗಿಲ್ಲವೆಂದು ಅದಕ್ಕೆ ಇನ್ನೊಮ್ಮೆ ರಿಸೆಟ್ ಕೊಟ್ಟ. ಅಂದರೆ ತಲೆಗೊಂದು ಮೊಟಕಿ, ಏಳು ಎಂದು ಹೊಸದಾಗಿ ಎಬ್ಬಿಸಿದ ಹಾಗೆ. ಏಳಲಿಲ್ಲ. ಮತ್ತೆ ಮೊಟಕಿದ. ಮೊಟಕಿದಷ್ಟೂ ಅದು ಕಲ್ಲಾಯಿತು. ಹರಾಜಿನ ದಿನ ಹತ್ತಿರವಾಗುತ್ತಿತ್ತು, ಮುಕ್ತಾರನಿಗೆ ಕನಸಿನಲ್ಲಿ ಮೀನುಗಳು ತಕ್ಕಡಿಯಲ್ಲಿ ಕೂತು ಅವನನ್ನು ಅಳಿಯಂದ್ರ ಎಂದು ಕರೆಯುತ್ತಿದ್ದವು.

ಅಷ್ಟರಲ್ಲಿ ಗುಂಡವ್ವ, ಹೆಣ್ಣು ಕೊಟ್ಟವರಿಗೆ ತಿಳಿಸುವುದು ಧರ್ಮವೆಂದು, ಬಾಬುಲಾಲರಿಗೆ ಫೋನು ಮಾಡಿದ್ದಳು. ಅವರು ಇಂಡಿಗೆ ಬಂದಾಗಲೆಲ್ಲ ಅವಳ ಗಿರಣಿಯ ಕಟ್ಟೆಯ ಮೇಲೆ ಕೂತು ಊರ ಸುದ್ದಿ ಕೇಳುವ ರೂಢಿ ಇತ್ತು. ನಿಮ್ಮ ಅಳಿಯ ಕರೆಂಟು ತೆಗೆಸಲು ಲೈನ್‌ಮನ್‌ಗೆ ಕೈಮುಗಿಯುತ್ತಿದ್ದಾನೆ ಎಂಬ ಸುದ್ದಿ ಕೇಳಿ ಬಾಬುಲಾಲ ಗಹಗಹಿಸಿ ನಕ್ಕರು. ಅವರಿಗೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಹರಾಜಿನ ದಿನ ಬೋರ್ಡು ಹತ್ತುವುದಿಲ್ಲ, ಆಗ ಕರೆಂಟೇ ಇಲ್ಲ ಮಾವಾರ ಎಂದು ನೆಪ ಹೇಳಬೇಕು, ಅದಕ್ಕೇ ಈಗಿನಿಂದ ಊರಿನ ಕರೆಂಟಿಗೇ ಕೈ ಹಾಕಿದ್ದಾನೆ. ಹರಾಜಿನವರೆಗೆ ಕಾಯುವುದೇ ಬೇಡವೆಂದು ಮಗಳಿಗೊಂದು ಚೀಲ ಮೀನು ತುಂಬಿಕೊಂಡು ಬಸ್ಸು ಹತ್ತಿದರು.

ರಣರಣ ಬಿಸಿಲಿನಲ್ಲಿ ಚೀಲ ಹೊತ್ತು ಬಂದು ಬಾಬುಲಾಲ ಅಳಿಯನ ಹೊಸ್ತಿಲ ಮೇಲೆ ನಿಂತರು. ಮುಕ್ತಾರ ಆಗಷ್ಟೇ ಡಬ್ಬಿಯನ್ನು ಮುಂದಿಟ್ಟುಕೊಂಡು ಯಾಕೆ, ಯಾಕೆ ಎಂದು ಕೇಳುತ್ತಿದ್ದ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಮಾವ. ನಾಲಗೆಯ ಮೇಲಿದ್ದ ಮಾತೇ ಜಾರಿತು.

“ಯಾಕ ಬಂದ್ರಿ ಮಾವಾರ?”

ನಮ್ಮ ಕಡೆ ಏನು ಬೇಕಾದರೂ ಕ್ಷಮಿಸುತ್ತಾರೆ, ಇದೊಂದನ್ನು ಕ್ಷಮಿಸುವುದಿಲ್ಲ. ಹಗೆಯವನೇ ಬಂದರೂ ಮೊದಲು ಒಂದು ಚರಿಗೆ ನೀರು, ಒಂದು ಚೂರು ಬೆಲ್ಲ. ಬಂದವರು ಕೂತು, ಉಸಿರು ಹದಕ್ಕೆ ಬಂದು, ಬೆವರು ಒರೆಸಿಕೊಂಡ ಮೇಲೆ ಮಾತು. ಅದರಲ್ಲೂ ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ, ಅವರೇ ಹೇಳುವವರೆಗೆ ಕಾಯುತ್ತಾರೆ. ಇಲ್ಲಿ ಹೆಣ್ಣು ಕೊಟ್ಟ ಮಾವ, ನೀರಿಲ್ಲದೆ, ಹೊಸ್ತಿಲ ಮೇಲೆಯೇ ಆ ಪ್ರಶ್ನೆ ಕೇಳಿಸಿಕೊಂಡರು. ಅವರ ಬಾಯಿ ತೆರೆಯಿತು, ಮುಚ್ಚಿತು. ತಿರುಗಿ ರಸ್ತೆ ದಾಟಿ ಗುಂಡವ್ವನ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು. ಮೀನಿನ ಚೀಲ ಪಕ್ಕದಲ್ಲಿ ಕೂತಿತು.

ಮುಕ್ತಾರ ಹಿಂದೆಯೇ ಓಡಿದ. ಯಾಕೆ ಸಿಟ್ಟಾದಿರಿ ಎಂದ. ಏನಾಯಿತು ಎಂದ, ಊಟ ಆಯಿತೇ ಎಂದ, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದ. ಒಂದೊಂದು ಪ್ರಶ್ನೆಗೂ ಬಾಬುಲಾಲ ಗೋಡೆಗೆ ಇನ್ನಷ್ಟು ಹತ್ತಿರವಾದರು. ಬಿಸಿಲಿಗೆ ಚೀಲ ಬಿಸಿಯಾಗಿ ತನ್ನ ಇರವನ್ನು ಓಣಿಗೆಲ್ಲ ಸಾರತೊಡಗಿತು. ಹಿಟ್ಟು ಬೀಸಿಸಲು ಬಂದವರು ಮೂಗು ಮುಚ್ಚಿಕೊಂಡು ವಾಪಸಾದರು. ಓಣಿಯ ಬೆಕ್ಕುಗಳು ಸಭೆ ಸೇರಿದವು. ಹುಟ್ಟಿದಾಗಿನಿಂದ ಮೀನಿನ ಹೆಸರನ್ನೂ ಎತ್ತದ ಗುಂಡವ್ವ ಸೆರಗನ್ನು ಮೂಗಿಗೊತ್ತಿಕೊಂಡು, ಬಂದ ಅತಿಥಿಗೆ ಏಳಿ ಎನ್ನಲೂ ಆಗದೆ, ಕೂತಿರಿ ಎನ್ನಲೂ ಆಗದೆ ಒದ್ದಾಡಿದಳು.

ಅಷ್ಟು ಹೊತ್ತಿಗೆ ಆಯೇಶಾ ಒಂದು ಕೈಯಲ್ಲಿ ಚರಿಗೆ, ಇನ್ನೊಂದರಲ್ಲಿ ಬೆಲ್ಲದ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಗಂಡನನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ದನಿ ಎತ್ತದೆ ಹೇಳಿದಳು.

“ಬಂದಾವ್ರ ಉಸುರು ಒಂದು ಹದಕ್ಕ ಬರೂ ತನಕ ಅವರಿಗೆ ಏನೂ ಕೇಳಸಂಗಿಲ್ರಿ. ನೀವು ಎಷ್ಟ್ ಸಲ ಕೇಳಿದ್ರೂ ಸಿಟ್ಟ ಹೆಚ್ಚಾಗ್ತೈತಿ. ಮದಲ ನೀರು ಕೊಡ್ರಿ. ತಡೀರಿ. ಆಮ್ಯಾಲ ಮಾತು.”

ಮುಕ್ತಾರ ಅವಳ ಮುಖವನ್ನೇ ನೋಡಿದ. ಆಮೇಲೆ ಕಟ್ಟೆಯ ಮೇಲಿನ ಮಾವನ ಬೆನ್ನು ನೋಡಿದ. ಅವನ ಕಣ್ಣು ನಿಧಾನವಾಗಿ ದೊಡ್ಡದಾಯಿತು. ಆ ಕ್ಷಣದಲ್ಲಿ ನೀರಿನ ಚರಿಗೆ ಇಸಿದುಕೊಂಡು ಮಾವನ ಬಳಿಗೆ ಹೋಗಬೇಕಾದವನು ಏನು ಮಾಡಿದನೆಂದರೆ, ಹೆಂಡತಿಯನ್ನು ಸರಿಸಿ ಒಳಗೋಡಿ ಬಾಗಿಲು ಹಾಕಿಕೊಂಡ. ಯಾಕೆ ಬಂದಿರಿ ಎಂದು ಕೇಳಿದ್ದೂ ಅಲ್ಲದೆ ಬಾಗಿಲೂ ಹಾಕಿಕೊಂಡನಲ್ಲ ಎಂದು ಗುಂಡವ್ವ ಹಣೆ ಬಡಿದುಕೊಂಡಳು. ಬಾಬುಲಾಲರ ಬೆನ್ನು ಮತ್ತೂ ಸೆಟೆಯಿತು.

ಒಳಗೆ ಮುಕ್ತಾರ ತನ್ನ ಡ್ರೈವರ್ ತೆರೆದು ಓದುತ್ತಿದ್ದ. ಚಿಪ್‌ಗೂ ಉಸಿರಿನಂಥ ಒಂದು ಬಡಿತ ಇರುತ್ತದೆ, ಅದಕ್ಕೆ ಕ್ಲಾಕ್ ಎನ್ನುತ್ತಾರೆ. ಅದು ಒಂದು ಹದಕ್ಕೆ ಬರುವವರೆಗೆ ಚಿಪ್‌ಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಗಟ್ಟಿ ಕರೆಂಟಿನಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ಹದಕ್ಕೆ ಬರುತ್ತದೆ, ಆಗ ಯಾರೂ ತಪ್ಪು ಹಿಡಿಯಲಾರರು. ತೆವಳಿ ಬರುವ ಕರೆಂಟಿನಲ್ಲಿ ಅದಕ್ಕೆ ಸ್ವಲ್ಪ ಹೊತ್ತು ಬೇಕು. ಮುಕ್ತಾರ ಕ್ಲಾಕ್ ಹದಕ್ಕೆ ಬರಲಿ ಎಂದು ಕಾಯುವ ಸಾಲನ್ನು ಬರೆಯದೆ ಇರಲಿಲ್ಲ. ಬರೆದಿದ್ದ. ರಿಸೆಟ್ ಕೊಟ್ಟು, ಎಬ್ಬಿಸಿ, ನಿನ್ನ ಹೆಸರೇನು ಎಂದು ಕೇಳಿ, ಉತ್ತರವಿಲ್ಲದಿದ್ದರೆ ತಲೆಗೆ ಮೊಟಕಿ, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರೆದಿದ್ದ. ಅತಿಥಿ ಸಿಟ್ಟಾಗಿ ಎದ್ದುಹೋದ ಮೇಲೆ ನೀರು ತಂದಿಟ್ಟಂತೆ.

ಆ ಸಾಲನ್ನು ಎತ್ತಿ ಮೇಲಕ್ಕೆ ಹಾಕಿದ. ಮೊದಲು ಕ್ಲಾಕ್, ಅದು ಹದಕ್ಕೆ ಬರುವವರೆಗೆ ಸುಮ್ಮನಿರುವುದು. ಆಮೇಲೆ ಒಂದೇ ಒಂದು ಸಲ ರಿಸೆಟ್, ಮತ್ತೆ ಸ್ವಲ್ಪ ಸುಮ್ಮನಿರುವುದು. ಆಮೇಲೆ ಹೆಸರು. ಡಬ್ಬಿಗೆ ಅದನ್ನು ತುಂಬಿ, ಕೈಕಟ್ಟಿ ಕೂತ. ಪಂಪ್ ಚಾಲೂ ಆಯಿತು. ಬಲ್ಬು ಕುಗ್ಗಿ ಆರಿತು, ತೆವಳುತ್ತ ಬಂತು. ಡಬ್ಬಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಹಸಿರು ದೀಪ ಹತ್ತಿತು. ಅವನು ನಂಬಲಿಲ್ಲ, ಇನ್ನೊಮ್ಮೆ ಪಂಪಿಗೆ ಕಾದ. ಮತ್ತೆ ಹಸಿರು. ಮುಕ್ತಾರ ತನ್ನಷ್ಟಕ್ಕೇ ನಕ್ಕ, ಆಮೇಲೆ ಅವನಿಗೆ ಹೊರಗೆ ಮಾವ ಕೂತಿರುವುದು ನೆನಪಾಯಿತು.

ಬಾಗಿಲು ತೆರೆದು, ತಪ್ಪಿದವನೇ ನೀರು ಕೊಡಲೆಂದು ಹೊಸ್ತಿಲಲ್ಲೇ ಕಾದು ನಿಂತಿದ್ದ ಆಯೇಶಾಳ ಕೈಯಿಂದ ಚರಿಗೆ, ತಟ್ಟೆ ಇಸಿದುಕೊಂಡು ರಸ್ತೆ ದಾಟಿದ. ಓಣಿ ಅವನ ಬಾಯನ್ನೇ ನೋಡುತ್ತಿತ್ತು. ಆ ಬಾಯಿ ಹುಟ್ಟಿದಾಗಿನಿಂದ ಮೊದಲ ಸಲ ಮುಚ್ಚಿಕೊಂಡಿತ್ತು. ಚರಿಗೆಯನ್ನು ಮಾವನ ಕೈಗೆಟಕುವಂತೆ ಇಟ್ಟ, ಬೆಲ್ಲದ ತಟ್ಟೆ ಪಕ್ಕಕ್ಕೆ ಇಟ್ಟ, ಹಿಂದೆ ಸರಿದು ಕೈಕಟ್ಟಿ ನಿಂತ. ಬಾಬುಲಾಲ ಗೋಡೆ ನೋಡುತ್ತ ಕೂತರು. ಬಿಸಿಲು, ಸಿಟ್ಟು, ಬಾಯಾರಿಕೆ ಮೂರೂ ಅವರೊಳಗೆ ಕಾದಾಡಿದವು. ಕೊನೆಗೆ ಕೈ ಮಾತ್ರ ಹಿಂದೆ ಬಂದು ಚರಿಗೆ ಎತ್ತಿಕೊಂಡಿತು. ಗಟಗಟ ಕುಡಿದರು. ಬೆಲ್ಲ ಬಾಯಿಗೆ ಹಾಕಿಕೊಂಡರು. ಮುಕ್ತಾರ ಇನ್ನೂ ಏನೂ ಕೇಳಲಿಲ್ಲ. ಬೆಲ್ಲ ಕರಗುವಷ್ಟು ಹೊತ್ತು ಕಳೆದ ಮೇಲೆ ಬಾಬುಲಾಲ ತಾವಾಗಿಯೇ ಇತ್ತ ತಿರುಗಿದರು.

“ಮೀನ ಒಳಗ ಒಯ್ರಿ. ಕೆಡ್ತಾವ.”

ಮೊದಲು ನಿಟ್ಟುಸಿರು ಬಿಟ್ಟವಳು ಗುಂಡವ್ವ.

ಊಟವಾದ ಮೇಲೆ ಮುಕ್ತಾರ ಮಾವನಿಗೆ ಡಬ್ಬಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಅದೇ ಕ್ರಮದಲ್ಲಿ ಹೇಳಿದ. ಬಾಬುಲಾಲ ಕಣ್ಣು ಮುಚ್ಚಿ ಕೇಳಿದರು. ಅಂದರೆ ಆ ಡಬ್ಬಿಗೂ ಬಂದವರ ಮರ್ಯಾದೆ ಗೊತ್ತಿದೆ, ನಿಮಗೆ ಗೊತ್ತಿರಲಿಲ್ಲ ಎಂದು ಹೇಳಿ ಮಲಗಿಕೊಂಡರು. ಆದರೆ ಪಣ ಪಣವೇ, ಹರಾಜಿನ ದಿನದವರೆಗೆ ತೀರ್ಪಿಲ್ಲ ಎಂಬುದನ್ನೂ ಸೇರಿಸಲು ಮರೆಯಲಿಲ್ಲ. ಆಯೇಶಾ ರಾತ್ರಿಯಿಡೀ ಮೀನಿನ ಪಾತ್ರೆ ತಿಕ್ಕುತ್ತ ದೇವರಿಗೆ ಮೊರೆಯಿಟ್ಟಳು.

ಹರಾಜಿನ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಗಣ್ಣನ ಗಡ್ಡ ಹಿಡಿದು ಬೇಡಿಕೊಂಡು, ಎಲ್ಲ ಡಬ್ಬಿಗಳಿಗೂ ಮುಕ್ತಾರ ಹೊಸ ಡ್ರೈವರ್ ತುಂಬಿದ್ದ. ಅಂಕಿಗಳು ಕುಣಿಯುತ್ತಿದ್ದವು. ಬಾಬುಲಾಲ ನಿಂಬೆಯ ಚೀಲವೊಂದರ ಮೇಲೆ ಕೂತು, ಬೋರ್ಡು ನೋಡದೆ ಅಳಿಯನ ಮುಖವನ್ನೇ ನೋಡುತ್ತಿದ್ದರು. ಹರಾಜು ಏರುತ್ತಿದ್ದಂತೆ ಕರೆಂಟು ಹೋಯಿತು. ಬಲ್ಬುಗಳು ಕೆಂಪಗಾದವು, ಹಳದಿಯಾದವು. ಬೋರ್ಡುಗಳು ಕಪ್ಪಗಿದ್ದವು. ವ್ಯಾಪಾರಿಗಳು ಗದ್ದಲವೆಬ್ಬಿಸಿದರು. ಇದನ್ನು ಇವತ್ತೇ ಕಿತ್ತು ಒಗೆಯುತ್ತೇನೆ ಎಂದು ಸಂಗಣ್ಣ ಬೋರ್ಡಿನ ಕಡೆ ನಡೆದ. ಮುಕ್ತಾರನ ಮೂಗಿಗೆ ಎಲ್ಲಿಂದಲೋ ಮೀನಿನ ವಾಸನೆ ಬಡಿಯಿತು.

ಆಗ ಚೀಲದ ಮೇಲಿಂದ ಬಾಬುಲಾಲ ಎದ್ದು ನಿಂತರು. ಸಂಗಣ್ಣನ ಎದೆಗೆ ಅಂಗೈ ಒತ್ತಿ ತಡೆದರು.

“ಗದ್ಲ ಮಾಡಬ್ಯಾಡ್ರಿ. ಅದು ಈಗ ಬಂದೈತಿ, ನೀರು ಕುಡಿಯಾಕತ್ತೈತಿ. ಉಸುರು ಬಿಡಾಕ ಬಿಡ್ರಿ ಅದಕ್ಕ.”

ಮೀನಿನ ವ್ಯಾಪಾರಿಯ ಆ ದನಿಗೆ ನಿಂಬೆಯ ಪೇಟೆ ತೆಪ್ಪಗಾಯಿತು. ಮೊದಲ ಬೋರ್ಡು ಕಣ್ಣು ಬಿಟ್ಟಿತು. ಅದರ ಹಿಂದೆ ಎರಡನೆಯದು, ಆಮೇಲೆ ಸಾಲಾಗಿ ಎಲ್ಲವೂ. ಸಂಗಣ್ಣ ಟೊಪ್ಪಿಗೆ ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದಿನ ರಾಶಿಗೆ ಹೋದ. ಮುಕ್ತಾರ ಅಲ್ಲೇ ನಿಂಬೆಕಾಯಿಗಳ ಮೇಲೆ ಕುಸಿದು ಕೂತ. ಅವನಿಗೆ ಅಳಬೇಕೆನಿಸಿತು, ನಗಬೇಕೆನಿಸಿತು, ಯಾವುದು ಮೊದಲೆಂದು ತಿಳಿಯಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಸೋಮನಿಂಗ ಮುಕ್ತಾರನ ಮನೆಗೆ ಒಳ್ಳೆಯ ಕರೆಂಟನ್ನು ಮರಳಿ ಕೊಟ್ಟ, ಶಾಲನ್ನು ಮಾತ್ರ ಮರಳಿ ಕೊಡಲಿಲ್ಲ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಬಾಬುಲಾಲ ಎಲ್ಲರೆದುರು, ಇಂಡಿಯ ಪೇಟೆ ನಡೆಯುವುದೇ ತಾನು ಹೇಳಿಕೊಟ್ಟ ಬುದ್ಧಿಯ ಮೇಲೆ ಎಂದು ಸಾರಿದರು. ಅಳಿಯ ಬಿರಿಯಾನಿ ಉಣ್ಣುತ್ತ ತಲೆಯಾಡಿಸಿದ. ಅದೇ ಉಸಿರಿನಲ್ಲಿ ಮಾವ ಅಳಿಯಂದ್ರ ಎಂದು ಶುರುಮಾಡಿದ್ದರಷ್ಟೆ, ಅವನು, ಆಗ್ಲಿ ಮಾವಾರ ಎಂದ. ಏನು ಆಗಲಿ ಎಂಬುದು ಆಮೇಲೆ ಕಿವಿಗೆ ಬಿತ್ತು. ಕೊಲ್ಹಾರದ ಮೀನಿನ ಹರಾಜಿಗೂ ಅಂಥದೇ ಬೋರ್ಡು ಹಾಕಬೇಕು, ಅಲ್ಲಿನ ಕರೆಂಟು ಇನ್ನೂ ಕೆಟ್ಟದ್ದು, ಬೇಸಿಗೆ ಮುಗಿಯುವವರೆಗೆ ಅಳಿಯಂದಿರು ಅಲ್ಲೇ ತಕ್ಕಡಿಯ ಪಕ್ಕ ಕೂತು ಎಲ್ಲ ಸರಿಮಾಡಬೇಕು. ನಿಕಾಹದಲ್ಲಿ ಅಂದ ಕಬೂಲ್ ಮತ್ತು ಇದು, ಎರಡನ್ನೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಬೋರ್ಡುಗಳೇನೋ ಅಲ್ಲೂ ಚೆನ್ನಾಗಿ ಎದ್ದವು. ಬೇಸಿಗೆ ಮುಗಿಸಿ, ಅಂಗಿಯಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲೆಲ್ಲ ಕೃಷ್ಣೆಯ ಹಿನ್ನೀರನ್ನು ಹೊತ್ತುಕೊಂಡು ಮುಕ್ತಾರ ಒಂದು ಮಧ್ಯಾಹ್ನ ಇಂಡಿಗೆ ಮರಳಿದ. ರಣರಣ ಬಿಸಿಲು. ಹೊಸ್ತಿಲ ಮೇಲೆ ನಿಂತು ಬೆವರು ಒರೆಸಿಕೊಂಡ. ಒಳಗಿನಿಂದ ಬಂದ ಆಯೇಶಾ ಅವನನ್ನು ಕಾಣುವ ಮೊದಲೇ ವಾಸನೆ ಹಿಡಿದಳು. ದುಪಟ್ಟಾದ ಸೆರಗು ತಾನಾಗಿ ಮೂಗಿಗೆ ಹೋಯಿತು, ಬಾಯಿಂದ ಮಾತೂ ತಾನಾಗಿ ಜಾರಿತು.

“ಯಾಕ ಬಂದ್ರಿ?”

ಮುಕ್ತಾರನ ಬಾಯಿ ತೆರೆಯಿತು, ಮುಚ್ಚಿತು. ತಿರುಗಿ ರಸ್ತೆ ದಾಟಿ, ಗುಂಡವ್ವನ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ.